ಕಾನ್ಫರೆನ್ಸ್ ಟೂರ್ನಿ ಸೋತರೆ ಸೀಸನ್ ಮುಗೀತಾ? ಸ್ಪಷ್ಟನೆ

ಅಮೆರಿಕದ ಕಾಲೇಜು ಪುರುಷರ ಫುಟ್‌ಬಾಲ್ (ಅಲ್ಲಿನವರ ಮಾತಲ್ಲಿ ಸಾಕರ್) ಬಗ್ಗೆ, ಅಲ್ಲಿನ ಕಾನ್ಫರೆನ್ಸ್‌ಗಳ (ಕಾಲೇಜು ತಂಡಗಳ ಲೀಗ್‌ಗಳ) ಬಗ್ಗೆ ಒಂದು ಮಾತು ಓಡಾಡುತ್ತಿದೆ: "ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ಮಾತ್ರ ರಾಷ್ಟ್ರೀಯ ಟೂರ್ನಿಗೆ ಪ್ರವೇಶ, ಸೋತವರು ಮನೆಗೆ." ಇದು ಅರ್ಧ ಸತ್ಯ.

ಗೆದ್ದವರಿಗೆ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ನಡೆಸುವ ರಾಷ್ಟ್ರೀಯ ಟೂರ್ನಿಗೆ ನೇರ ಟಿಕೆಟ್ ಸಿಗುವುದು ನಿಜ. ಆದರೆ ಅಲ್ಲಿ ಆಡುವುದು 48 ತಂಡಗಳು. ಉಳಿದ ಜಾಗಗಳಿಗೆ ಆಯ್ಕೆ ಸಮಿತಿ ಇಡೀ ಸೀಸನ್ನಿನ ಆಟ ನೋಡಿ ತಂಡಗಳನ್ನು ಆರಿಸುತ್ತದೆ.

2021ನ್ನೇ ನೋಡಿ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಟೂರ್ನಿಯನ್ನು ಡ್ಯೂಕ್ ತಂಡವನ್ನು ಸೋಲಿಸಿ ಗೆದ್ದದ್ದು ನೋಟ್ರ ಡೇಮ್. ಅದೇ ಕಾನ್ಫರೆನ್ಸಿನ ಕ್ಲೆಮ್ಸನ್‌ಗೆ ಆ ಕಪ್ ಸಿಗಲಿಲ್ಲ. ಮುಂದಿನ ತಿಂಗಳು ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಇವೆರಡೇ ಎದುರಾದವು! ಪಂದ್ಯ 1-1, ಪೆನಾಲ್ಟಿಯಲ್ಲಿ ಕ್ಲೆಮ್ಸನ್ ಮುಂದೆ ಹೋಯಿತು. ಫೈನಲ್‌ನಲ್ಲಿ ಎದುರಾಳಿ ವಾಷಿಂಗ್ಟನ್. ಪ್ರೇಕ್ಷಕರು ಸರಿಯಾಗಿ ಕೂತಿದ್ದರೋ ಇಲ್ಲವೋ, 27ನೇ ಸೆಕೆಂಡಿಗೇ ಐಸಾಯ ರೀಡ್ ಗೋಲು ಹೊಡೆದರು. ಎರಡನೆಯದೂ ಅವರದ್ದೇ. 2-0, ಕ್ಲೆಮ್ಸನ್ ಚಾಂಪಿಯನ್.

ಇನ್ನೊಂದು ಗೊಂದಲ: ಪೆನಾಲ್ಟಿಯಲ್ಲಿ ಗೆದ್ದರೆ ಅದು ಗೆಲುವು ಅಲ್ವಾ? ಮುಂದಿನ ಸುತ್ತಿಗೆ ಹೋಗುವುದಕ್ಕೆ ಹೌದು, ದಾಖಲೆಯಲ್ಲಿ ಮಾತ್ರ ಡ್ರಾ. ಅಂಕಿ ಹೊಂದುತ್ತಿಲ್ಲ ಎಂದು ಸುಮ್ನೆ ಜಗಳವಾಡುವವರು ಇದನ್ನು ಗಮನಿಸಲಿ.

ಅಂದಹಾಗೆ, ಪ್ಯಾಕ್-12 ಎಂಬ ಇನ್ನೊಂದು ಕಾನ್ಫರೆನ್ಸಿನಲ್ಲಿ ಪುರುಷರಿಗೆ ಕಾನ್ಫರೆನ್ಸ್ ಟೂರ್ನಿಯೇ ಇರಲಿಲ್ಲ. ಲೀಗ್‌ನಲ್ಲಿ ಮೊದಲು ಬಂದವರಿಗೇ ನೇರ ಟಿಕೆಟ್. ಅಲ್ಲಿಂದ ಬಂದ ಸ್ಟ್ಯಾನ್‌ಫೋರ್ಡ್ 2015, 2016, 2017 ಮೂರೂ ವರ್ಷ ರಾಷ್ಟ್ರೀಯ ಕಪ್ ಎತ್ತಿತು.