ಕಪ್ಪೆಗೂ ಹತ್ತು ಪರ್ಸೆಂಟ್

ಹತ್ತು ಪರ್ಸೆಂಟ್ ಅಂದ ತಕ್ಷಣ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಸ್ವಲ್ಪ ತಾಳಿ, ಇದು ಆ ಪರ್ಸೆಂಟ್ ಅಲ್ಲ. ಇಂಗ್ಲೆಂಡಿನ ಬಿಲ್ಡರ್‌ಗಳು ಪ್ರಕೃತಿಗೆ ಸಲ್ಲಿಸಬೇಕಾದ ಪರ್ಸೆಂಟ್.

ಅಲ್ಲಿನ 2021ರ ಪರಿಸರ ಕಾಯ್ದೆ ಹೇಳುವುದಿಷ್ಟು: ಮನೆ, ಮಳಿಗೆ ಏನಾದರೂ ಕಟ್ಟಿಕೊಳ್ಳಿ, ಆದರೆ ಮೊದಲಿದ್ದುದಕ್ಕಿಂತ ಜೀವವೈವಿಧ್ಯ ಹತ್ತು ಪರ್ಸೆಂಟ್ ಜಾಸ್ತಿ ಮಾಡಿ ತೋರಿಸಿ. 2024ರ ಫೆಬ್ರವರಿಯಿಂದ ದೊಡ್ಡ ಯೋಜನೆಗಳಿಗೆ, ಏಪ್ರಿಲ್‌ನಿಂದ ಸಣ್ಣವಕ್ಕೂ ಇದು ಕಡ್ಡಾಯವಾಯಿತು. ಗಿಲ್ಡ್‌ಫರ್ಡ್‌ನಂಥ ಊರಿನ ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ, ಹತ್ತು ಸಾಲದೆಂದು ಇಪ್ಪತ್ತು ಕೇಳಿತು.

ಆಸೆ ಒಳ್ಳೆಯದೇ. ತಕರಾರಿರುವುದು ಲೆಕ್ಕದಲ್ಲಿ. ಪ್ರಕೃತಿಯನ್ನು ಅಳೆಯಲು ಸರ್ಕಾರ ಒಂದು ಎಕ್ಸೆಲ್ ಹಾಳೆ ಕೊಟ್ಟಿದೆ. ಒಂದು ಹೆಕ್ಟೇರ್ ಮಾಮೂಲಿ ಹುಲ್ಲು, ಸ್ಥಿತಿ ಕಳಪೆ ಅಂದರೆ 2 ಯೂನಿಟ್. ಅದೇ ಹುಲ್ಲು, ಸ್ಥಿತಿ ಉತ್ತಮ ಅಂದರೆ 6 ಯೂನಿಟ್. ಡಾಂಬರಿಗೆ ಸೊನ್ನೆ. ಈಗ ಹತ್ತು ಪರ್ಸೆಂಟ್ ಸೇರಿಸಿ. ಜಾಗವನ್ನು ಮುತುವರ್ಜಿಯಿಂದ ನೋಡಿಕೊಂಡವನು 6.6 ಯೂನಿಟ್ ಹೊಂದಿಸಬೇಕು. ಹಾಳು ಬಿಟ್ಟವನಿಗೆ 2.2 ಸಾಕು!

ಹಾಗಾದರೆ ಅರ್ಜಿ ಹಾಕುವ ಮುಂಚೆಯೇ ಜೆಸಿಬಿ ಓಡಿಸಿಬಿಟ್ಟರಾಯ್ತಲ್ವಾ ಅಂತ ನಿಮಗೆ ಹೊಳೆಯಿತೇ? ಅವರಿಗೂ ಹೊಳೆದಿತ್ತು. ಅದಕ್ಕೇ 2020ರ ಜನವರಿ 30ರ ನಂತರ ಬೇಕಂತಲೇ ಸವರಿದ್ದರೆ ಹಳೆಯ ಸ್ಥಿತಿಯನ್ನೇ ಹಿಡಿಯುತ್ತಾರೆ. ಅದಕ್ಕೂ ಹಿಂದೆಯೇ ಸವರಿದವರು ಪುಣ್ಯವಂತರು.

ಕಟ್ಟುವ ಜಾಗದಲ್ಲಿ ಯೂನಿಟ್ ಹೊಂದಿಸಲಾಗದಿದ್ದರೆ ಬೇರೆ ಊರಿನಿಂದ ಕೊಳ್ಳಬಹುದು. ತೀರಾ ದೂರದ್ದಾದರೆ ಒಂದು ಯೂನಿಟ್ಟನ್ನು ಅರ್ಧ ಅಂತ ಹಿಡಿಯುತ್ತಾರೆ, ಹಾಗಾಗಿ ಎರಡರಷ್ಟು ತರಬೇಕು. ಎಲ್ಲೂ ಸಿಗಲಿಲ್ಲವೇ? ಯೂನಿಟ್ಟಿನ ಬದಲಿಗೆ ಸರ್ಕಾರವೇ ಕ್ರೆಡಿಟ್ ಮಾರುತ್ತದೆ. ದರಪಟ್ಟಿ ಶುರುವಾದಾಗ ಅತಿ ಅಗ್ಗದ್ದು 42,000 ಪೌಂಡ್, ಕೆಲವು ಬಗೆಯ ಕೆರೆಗಳಿಗೆ 6,50,000. ಒಂದು ಯೂನಿಟ್ ಕಮ್ಮಿ ಬಿದ್ದರೆ ಎರಡು ಕ್ರೆಡಿಟ್. ದುಡ್ಡು ಕಟ್ಟಿ ರಸೀದಿ ತಂದಿರೋ, ಪ್ರಕೃತಿ ಉದ್ಧಾರವಾಯಿತು.

ಕೆಂಟ್‌ನ ಕಪ್ಪೆಯೊಂದು ಇದನ್ನೆಲ್ಲ ಕೇಳಿ ಕೌನ್ಸಿಲ್ ಕೌಂಟರಿಗೆ ಬಂತು ಅಂತಿಟ್ಟುಕೊಳ್ಳಿ.

"ಸ್ವಾಮಿ, ನನ್ನ ಹೊಂಡ ಮುಚ್ಚಿಬಿಟ್ಟಿದ್ದಾರೆ."

"ಮುಚ್ಚಿಲ್ಲಮ್ಮ, ಯಾರ್ಕ್‌ಷೈರ್‌ಗೆ ವರ್ಗ ಆಗಿದೆ. ದೂರ ಅಂತ ಡಬಲ್ ಅಗೆಸಿದ್ದಾರೆ."

"ನಾನು ಅಲ್ಲಿಗೆ ಹೋಗೋದು ಹೇಗೆ?"

"ಅದು ನಮ್ಮ ಸೆಕ್ಷನ್ ಅಲ್ಲ. ರೈಲ್ವೆಯವರನ್ನ ಕೇಳು."

"ಆ ಹೊಂಡ ಆದ್ರೂ ಉಳಿಯುತ್ತಾ?"

"ಮೂವತ್ತು ವರ್ಷ ಕಾಪಾಡ್ತೀವಿ ಅಂತ ಬರೆದುಕೊಟ್ಟಿದ್ದಾರೆ."

"ಆಮೇಲೆ?"

"ಆಮೇಲೆ ನಾನು ರಿಟೈರ್ಡ್."

"ಹೊಸ ಹೊಂಡದಲ್ಲಿ ಕಪ್ಪೆ ಇದೆಯಾ ಅಂತ ಯಾರಾದ್ರೂ ನೋಡಿದ್ರಾ ಸ್ವಾಮಿ?"

ಗುಮಾಸ್ತರು ಕಂಪ್ಯೂಟರಿನಲ್ಲಿ ಹಾಳೆಯನ್ನು ಮೇಲಿಂದ ಕೆಳಗೆ ಎಳೆದು ನೋಡಿದರು. ಹುಲ್ಲಿಗೆ ಕಾಲಂ ಇತ್ತು. ಪೊದೆಗೆ, ಬೇಲಿಗೆ, ಹೊಂಡಕ್ಕೂ ಇತ್ತು.

"ಇದರಲ್ಲಿ ಜಾಗ ಮಾತ್ರ ಎಣಿಸ್ತಾರೆ. ವಾಸ ಮಾಡೋರಿಗೆ ಕಾಲಂ ಇಲ್ಲ. ನಿಮ್ಮನ್ನ ಎಣಿಸೋಕೆ ತಿಳಿದವರು ಬೇಕು, ಎಷ್ಟೋ ಕೌನ್ಸಿಲ್‌ನಲ್ಲಿ ಆ ಪೋಸ್ಟೇ ಇಲ್ಲ. ಇಷ್ಟಕ್ಕೂ ನಿನ್ನ ಹೊಂಡ ಎಷ್ಟು ದೊಡ್ಡದಿತ್ತು?"

"ನನಗೆ ಸಾಕಾಗುವಷ್ಟು. ಇಪ್ಪತ್ತು ಚದರ ಮೀಟರ್ ಇದ್ದೀತು."

"ಅಯ್ಯೋ, ಮೊದಲೇ ಹೇಳಬಾರದಾ! ಇಪ್ಪತ್ತೈದರ ಒಳಗೆ ಹೋದರೆ ವಿನಾಯಿತಿ ಇದೆ. ಯಾರ್ಕ್‌ಷೈರ್‌ನಲ್ಲಿರೋದು ಬೇರೆ ಯಾರದೋ ಹೊಂಡ ಬಿಡು. ನೆಕ್ಸ್ಟ್!"