ಸರೋವರಕ್ಕೆ 40 ನಿಮಿಷ, ಅಂಗಡಿಗೆ 2 ತಾಸು

ಸಂಜೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ಕಾಲಾಡಿಸಲು ಹೋದರೆ ಸಾಕು, ಪರಿಚಯದವರು ಕೇಳುತ್ತಾರೆ: “ಏನ್ರಿ ಸರ್, ಉದಯಪುರದ ಕೆರಿ ಹ್ಯಾಂಗದ?” ಉತ್ತರಿಸಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಅಲ್ಲಿ ನೀರಿಗಿಂತ ಹೆಚ್ಚು ಕಂಡದ್ದು ರಜಾಯಿಗಳನ್ನು, ಅಂದರೆ ಹತ್ತಿ ತುಂಬಿದ ಹೊದಿಕೆಗಳನ್ನು.

14ನೆಯ ಶತಮಾನದಲ್ಲಿ ಕಟ್ಟಿದ ಪಿಚೋಲಾ ಸರೋವರ, ಮಹಾರಾಣಾ ಎರಡನೆಯ ಉದಯಸಿಂಹ 16ನೆಯ ಶತಮಾನದಲ್ಲಿ ಅದರ ದಂಡೆಯಲ್ಲಿ ನೆಲೆಗೊಳಿಸಿದ ರಾಜಧಾನಿ, ನಡುನೀರಿನ ಜಗಮಂದಿರವೆಂಬ ಅರಮನೆ, ಇವನ್ನೆಲ್ಲ ಕಣ್ತುಂಬ ನೋಡಬೇಕೆಂದು ಮುಂಗಡ ಹಣ ಕಟ್ಟಿ ಒಂದು ಪ್ರವಾಸಿ ತಂಡದೊಡನೆ ಹೊರಟಿದ್ದೆವು. ದಂಡೆಯ ಮೇಲಿನ ಅರಮನೆಯನ್ನು ಓಡುತ್ತಲೇ ನೋಡಿದ್ದಾಯಿತು. ಗಣಗೌರ್ ಘಾಟಿಗೆ ಬಂದು ನನ್ನಾಕೆ ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲ ನೀರಿಗೆ ಪಾದ ಇಳಿಸಿದ್ದಳಷ್ಟೇ, ಮೇಲಿನಿಂದ ತಂಡದ ಗೈಡ್ ಊದಿದ ಸೀಟಿ ಕೇಳಿಸಿತು. ದೋಣಿಯ ಸರದಿ ಉದ್ದವಿದೆ, ಸಮಯವಿಲ್ಲ, ಬಸ್ಸು ಹತ್ತಿರಿ ಎಂದರು.

ಸಮಯವಿಲ್ಲದ ಆ ಬಸ್ಸು ನೇರವಾಗಿ ಹೋಗಿ ನಿಂತದ್ದು ಒಂದು ಅಂಗಡಿಯ ಮುಂದೆ. ಚಹಾ ಕೊಟ್ಟು ಚಾಪೆಯ ಮೇಲೆ ಕೂರಿಸಿ, ರಜಾಯಿಯೊಂದನ್ನು ಮಡಚಿ ಮಡಚಿ ಪುಟ್ಟ ಚೀಲಕ್ಕೆ ತುರುಕಿ, ಮತ್ತೆ ಹೊರಗೆಳೆದು ಝಾಡಿಸಿ, ಬರೋಬ್ಬರಿ 2 ತಾಸು ಅದೇ ಆಟವನ್ನು ತೋರಿಸಿದರು. (ಕಮಿಷನ್ ಯಾರಿಗೆ ಸೇರಿತೆಂದು ನಾನು ಹೇಳಬೇಕಾಗಿಲ್ಲ.) ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರಿಗೆ ರಜಾಯಿ ಏತಕ್ಕೆ ಎಂದು ಕೇಳಿದರೆ, ಏಸಿ ಹಾಕಿಕೊಂಡು ಹೊದ್ದುಕೊಳ್ಳಿ ಎಂಬ ಸಲಹೆ ಬಂತು.

ಸಂಕೋಚಕ್ಕೆ ನಾವೂ ಒಂದನ್ನು ಕೊಂಡೆವು. ಅದೀಗ ಅಲಮಾರಿಯ ಮೇಲೆ ಚೀಲದಲ್ಲೇ ಕೂತಿದೆ.