ಅತ್ತೆಯ ಕೆಂಪು ಟೋಪಿ

ನಮ್ಮ ಮನೆಯ ಬೀರುವಿನಲ್ಲಿ ಒಂದು ಕೆಂಪು ಉಣ್ಣೆ ಟೋಪಿ ಇದೆ. ಮಕ್ಕಳ ಟೋಪಿ. ತುದಿಯಲ್ಲಿ ಕುಚ್ಚು. ಅಂಚು ಬಿಚ್ಚಿಕೊಂಡ ಕಡೆ ಯಾರೋ ಕಂದು ದಾರದಲ್ಲಿ ಹೊಲಿದಿದ್ದಾರೆ. ನನ್ನ ಗಂಡನ ಊರು ನಾರ್ವೆಯ ಟ್ರೊಂಡ್‌ಹೈಮ್. 1933ರಲ್ಲಿ ಹುಟ್ಟಿದ ನನ್ನ ಅತ್ತೆ ಚಿಕ್ಕವರಿದ್ದಾಗ ಹಾಕುತ್ತಿದ್ದ ಟೋಪಿ ಇದು.

ಇದನ್ನು ಹಾಕಿಕೊಳ್ಳುವುದು ಒಂದು ಕಾಲಕ್ಕೆ ಅಪರಾಧವಾಗಿತ್ತು.

1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನಾರ್ವೆಗೆ ನುಗ್ಗಿತು. ಐದು ವರ್ಷ ಅಲ್ಲೇ ಝಂಡಾ ಊರಿತು. ಜನ ಕೋಟಿಗೆ ಪೇಪರ್ ಕ್ಲಿಪ್ ಸಿಕ್ಕಿಸಿಕೊಂಡರು, ನಾವೆಲ್ಲ ಒಟ್ಟಿಗಿದ್ದೇವೆ ಅಂತ. ಟ್ರಾಮಿನಲ್ಲಿ ಜರ್ಮನ್ ಸೈನಿಕ ಪಕ್ಕ ಬಂದು ಕೂತರೆ ಸುಮ್ನೆ ಎದ್ದು ನಿಂತರು. ಕೊನೆಗೆ ಹಾಗೆ ಎದ್ದು ನಿಲ್ಲುವುದನ್ನೂ ನಿಷೇಧಿಸಬೇಕಾಯಿತು! ಕೆಂಪು ಟೋಪಿಯೂ ಇಂಥದೇ ವಿರೋಧದ ಗುರುತಾಗಿತ್ತು. ಅದನ್ನು ನಿಷೇಧಿಸುವ ಸರದಿ 1942ರ ಫೆಬ್ರವರಿ 26ಕ್ಕೆ ಬಂತು. ಟ್ರೊಂಡ್‌ಹೈಮ್ ಪೊಲೀಸರ ಆದೇಶ. 14 ವರ್ಷದೊಳಗಿನ ಮಕ್ಕಳು ಹಾಕಿದರೆ ಹೊಣೆ ಅಪ್ಪ ಅಮ್ಮನದು.

"ಅಮ್ಮ ಏನೂ ಮಾತಾಡಲಿಲ್ಲ. ಟೋಪಿ ಒಗೆದು, ಒಲೆ ಹತ್ತಿರ ಒಣಗಿಸಿ, ಆಲೂಗಡ್ಡೆ ಚೀಲದ ತಳದಲ್ಲಿ ಇಟ್ಟರು. ಸುಡಲಿಲ್ಲ ನೋಡು" ಅನ್ನುತ್ತಿದ್ದರು ಅತ್ತೆ. ಆ 'ಸುಡಲಿಲ್ಲ' ಅನ್ನುವಾಗ ಅವರ ದನಿ ಗಟ್ಟಿಯಾಗುತ್ತಿತ್ತು.

ಇದೆಲ್ಲ ಮಕ್ಕಳಾಟ, ಟೋಪಿಯಿಂದ ಯುದ್ಧ ಗೆಲ್ಲೋಕಾಗುತ್ತಾ ಅಂತ ಕೇಳುವವರಿದ್ದಾರೆ. ನಾನು ಒಪ್ಪಲ್ಲ. ಅತ್ತೆಯ ಅಪ್ಪ ಸ್ಕೂಲ್ ಮೇಷ್ಟ್ರು. ಅದೇ ಫೆಬ್ರವರಿಯಲ್ಲಿ ನಾಜಿಗಳ ಪರ ಇದ್ದ ಕ್ವಿಸ್ಲಿಂಗ್ ಸರ್ಕಾರ, ಎಲ್ಲ ಶಿಕ್ಷಕರೂ ತನ್ನ ಸಂಘಕ್ಕೆ ಸೇರಲೇಬೇಕು, ಮಕ್ಕಳಿಗೆ ಪಕ್ಷದ ಪಾಠ ಹೇಳಲೇಬೇಕು ಅಂದಿತು. ಸಾವಿರಾರು ಶಿಕ್ಷಕರು, ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಒಬ್ಬೊಬ್ಬರೇ ಕಾಗದ ಬರೆದು ಸಹಿ ಹಾಕಿ ಕಳಿಸಿದರು. ಸೌದೆ ಇಲ್ಲ ಅಂತ ನೆಪ ಹೇಳಿ ಸರ್ಕಾರ ಒಂದು ತಿಂಗಳು ಶಾಲೆ ಮುಚ್ಚಿತು. ಅಪ್ಪ ಅಮ್ಮಂದಿರು ರಾಶಿ ರಾಶಿ ಪತ್ರ ಬರೆದರು. ಮಾರ್ಚಿನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಅವರಲ್ಲಿ ಸುಮಾರು 500 ಜನರನ್ನು ಟ್ರೊಂಡ್‌ಹೈಮ್ ಬಂದರಿನಿಂದ ಹಡಗಿನಲ್ಲಿ ತುಂಬಿ, ಉತ್ತರದ ತುತ್ತತುದಿಯ ಕಿರ್ಕೆನೆಸ್‌ಗೆ ಕೂಲಿ ಕೆಲಸಕ್ಕೆ ಕಳಿಸಿದರು. ಅತ್ತೆಯ ಅಪ್ಪನೂ ಅದರಲ್ಲಿದ್ದರು.

ನಾನು ಅಂಕೋಲಾ ಕಡೆಯವಳು. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರ ಕಥೆ ಕೇಳಿ ಬೆಳೆದವಳು. ಹಾಗಾಗಿ ನಾನು ಅತ್ತೆಯನ್ನು ಕೇಳಿದ್ದು ಜೈಲಿನ ಬಗ್ಗೆ ಅಲ್ಲ. ಮನೇಲಿ ಒಲೆ ಹೇಗೆ ಉರೀತು ಅಂತ. ಅಮ್ಮ ಪಕ್ಕದ ಮನೆಯವರ ಬಟ್ಟೆ ಹೊಲಿದರಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮೀನು ಇರುತ್ತಿತ್ತಂತೆ, ಹಳೇ ಪೇಪರಿನಲ್ಲಿ ಸುತ್ತಿ. ಇಟ್ಟವರು ಯಾರು ಅಂತ ಅಮ್ಮ ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ. ಮೇಷ್ಟ್ರು ಒಬ್ಬರೇ ಸಹಿ ಹಾಕಿದ್ದಲ್ಲ, ಆ ಮೀನು ಇಟ್ಟವರೂ ಹಾಕಿದ ಹಾಗೆ, ಅಲ್ವಾ?

"ಶಿಕ್ಷಕರೇ, ನೀವೇ ನನ್ನದೆಲ್ಲವನ್ನೂ ಹಾಳುಮಾಡಿದಿರಿ" ಅಂತ ಕ್ವಿಸ್ಲಿಂಗ್ ಆ ಮೇ ತಿಂಗಳಲ್ಲಿ ಕೂಗಾಡಿದ. ನವೆಂಬರ್ ಹೊತ್ತಿಗೆ ಮೇಷ್ಟ್ರುಗಳು ಮನೆಗೆ ಬಂದರು. ಆ ಸಂಘ ಕೊನೆಗೂ ಕೈಗೂಡಲೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ನಮ್ಮ ಮನೆಯಲ್ಲೂ ಹಬ್ಬದ ಊಟಕ್ಕೆ ಕೂತಾಗ ಇಲ್ಲಿಗೇ ನಿಲ್ಲಿಸುತ್ತಿದ್ದರು. ನನಗೆ ನೋವು ಕೊಡುವುದು ಅದೇ. ಮೇಷ್ಟ್ರುಗಳು ವಾಪಸ್ ಬಂದ ಆ ನವೆಂಬರಿನಲ್ಲೇ, 26ನೇ ತಾರೀಕು, ಓಸ್ಲೋ ಬಂದರಿನಿಂದ ಡೊನಾವ್ ಎಂಬ ಹಡಗು 500ಕ್ಕೂ ಹೆಚ್ಚು ಯಹೂದಿಗಳನ್ನು ಹೊತ್ತು ಹೊರಟಿತು. ದಾರಿ ಆಶ್ವಿಟ್ಜ್‌ಗೆ. ಮನೆಮನೆಗೆ ಹೋಗಿ ಅವರನ್ನು ಹಿಡಿದು ತಂದವರಲ್ಲಿ ನಾರ್ವೆಯ ಪೊಲೀಸರೇ ಇದ್ದರು. ಟ್ರೊಂಡ್‌ಹೈಮ್‌ನ ಯಹೂದಿ ಕುಟುಂಬಗಳನ್ನೂ ಬಿಡಲಿಲ್ಲ. ಬಚ್ಚಿಟ್ಟು ಸ್ವೀಡನ್ನಿಗೆ ದಾಟಿಸಿದ ಪುಣ್ಯಾತ್ಮರಿದ್ದರು, ನಿಜ. ಆದರೆ ಅವತ್ತು ಊರಿಗೆ ಊರೇ ಎದ್ದು ನಿಲ್ಲಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2012ರಲ್ಲಿ.

ಅತ್ತೆ ಇದನ್ನು ಹೇಳಿದ್ದು ಒಂದೇ ಸಲ, ತೀರಿಕೊಳ್ಳುವ ಹಿಂದಿನ ಚಳಿಗಾಲ. ಇಬ್ಬರೇ ನಡೆದುಕೊಂಡು ಹೋಗುತ್ತಿದ್ದೆವು. ಫುಟ್‌ಪಾತಿನಲ್ಲಿ ಹೆಸರು ಕೊರೆದ ಹಿತ್ತಾಳೆಯ ಪುಟ್ಟ ಕಲ್ಲು, ಹಾಗೆ ಹಿಡಿದೊಯ್ದವರ ನೆನಪಿಗೆ ಅವರಿದ್ದ ಮನೆಯ ಮುಂದೆ ಹಾಕಿದ್ದು. ಹಿಮ ಮುಚ್ಚಿತ್ತು. ಕೋಲಿನ ತುದಿಯಿಂದ ಹಿಮ ಸರಿಸಿ ನಿಂತರು. "ಕ್ಲಾಸಿನಲ್ಲಿ ನನ್ನ ಪಕ್ಕದ ಜಾಗ ಅವಳದು. ಒಂದು ದಿನ ಬರಲಿಲ್ಲ. ನಾವ್ಯಾರೂ ಕೇಳಲಿಲ್ಲ ಕಣಮ್ಮ" ಅಂದರು. ಆ ಹುಡುಗಿಯ ಮನೆ ಯಾವ ಮಹಡಿಯಲ್ಲಿತ್ತು, ಕಿಟಕಿಗೆ ಯಾವ ಬಣ್ಣದ ಪರದೆ ಇತ್ತು ಅನ್ನುವುದೂ ಅವರಿಗೆ ನೆನಪಿತ್ತು.